ಮೊದಲು ಕಿರ್ದಿ, ಆಮೇಲೆ ಖತಾವಣಿ

(ಬಾಗಲಕೋಟೆಯಲ್ಲಿ ತೋಟಗಾರಿಕೆ ಮತ್ತು ವಿಜ್ಞಾನ ಓದುವ ಎಂ.ಎಸ್ಸಿ. ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಿಯುಸಿಯಲ್ಲಿ ಎಷ್ಟು ಜನ ಎರಡೆರಡು ರೆಕಾರ್ಡ್ ಬರೆದಿದ್ದೀರಿ? ಒಂದು ರಫ್, ಒಂದು ಫೇರ್? ಸರಿ, ಕೈ ಇಳಿಸಿ, ಎಲ್ಲರೂ ಬರೆದಿದ್ದೀರಿ. ಆ ರಫ್ ಈಗ ಎಲ್ಲಿದೆ? ರದ್ದಿಗೆ ಹೋಗಿದೆ. ಫೇರ್‌ಗೆ ಮಾತ್ರ ಖಾಕಿ ರಟ್ಟು ಹಾಕಿ, ಲೇಬಲ್ ಅಂಟಿಸಿ, ಎಡಗಡೆಯ ಬಿಳಿ ಹಾಳೆಯಲ್ಲಿ ಪೆನ್ಸಿಲ್ ಚಿತ್ರ ಬಿಡಿಸಿ, ಸಹಿ ಹಾಕಿಸಿಕೊಂಡು ಪ್ರಾಕ್ಟಿಕಲ್ ಪರೀಕ್ಷೆಗೆ ಒಯ್ದಿರಿ. ಲೋಲಕದ ಪ್ರಯೋಗದಲ್ಲಿ ಇಡೀ ಕ್ಲಾಸಿಗೆ ಗುರುತ್ವದ ಬೆಲೆ 9.8ರ ಹತ್ತಿರವೇ ಬಂದಿತ್ತು, ಅಲ್ವಾ? ಸ್ಟಾಪ್‌ವಾಚ್ ಒತ್ತುವುದು ಯಾರಿಗೂ ತಡವಾಗಲಿಲ್ಲ. ದಾರ ಯಾರದ್ದೂ ಜೋಲಲಿಲ್ಲ. ಅಷ್ಟು ಕೈಚಳಕ ಇರುವ ಮಕ್ಕಳು ಡಿಗ್ರಿಗೆ ಬಂದ ಮೇಲೆ ಎಲ್ಲಿ ಹೋಗುತ್ತಾರೋ ಗೊತ್ತಿಲ್ಲ.

ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ನಮಗೆ ಕಲಿಸಿದ್ದೇ ಹಾಗೆ. ಪುಸ್ತಕ ಚೆಂದ ಇದ್ದರೆ ಮಾರ್ಕ್ಸು. ಅದೇ ಅಭ್ಯಾಸ ಎಂ.ಎಸ್ಸಿ. ತನಕ ಬರುತ್ತದೆ. ಥೀಸಿಸ್ ಬರೆಯುವ ಹುಡುಗ ಬಂದು ಹೇಳುತ್ತಾನೆ: "ಮೇಡಂ, ರೀಡಿಂಗ್ ಎಲ್ಲಾ ತಗೊಂಡೇನ್ರಿ, ಫೇರ್ ಮಾಡೂದಷ್ಟ ಉಳದೈತ್ರಿ." ರೀಡಿಂಗ್ ಎಲ್ಲಿ ಬರೆದೆಯಪ್ಪಾ ಅಂದರೆ ಅರ್ಧ ಗೊಬ್ಬರದ ಚೀಲದ ಲೇಬಲ್ ಹಿಂದೆ, ಅರ್ಧ ಅಂಗೈ ಮೇಲೆ, ಉಳಿದದ್ದು ವಾಟ್ಸಾಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡ ಮೆಸೇಜಿನಲ್ಲಿ. ಫೇರ್ ಆದ ಕೂಡಲೇ ಇವೆಲ್ಲ ಹೋಗುತ್ತವೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಆ ಕಚ್ಚಾ ಬರಹವೇ ನಿಮ್ಮ ಪ್ರಯೋಗದ ದಾಖಲೆ. ಫೇರ್ ಮಾಡುವ ಕೆಲಸವನ್ನೇ ಬಿಟ್ಟುಬಿಡಿ.

ನಮ್ಮ ಎಪಿಎಂಸಿಯ ದಲಾಲಿ ಅಂಗಡಿಗಳಲ್ಲಿ ಹಳೆಯ ಪದ್ಧತಿಯಲ್ಲಿ ಲೆಕ್ಕ ಇಡುವವರನ್ನು ನೋಡಿದ್ದೀರಾ? ದಿವಾನಜಿ ಮುಂದೆ ಎರಡು ಪುಸ್ತಕ ಇರುತ್ತವೆ. ಒಂದು ಕಿರ್ದಿ. ಬಂದ ದುಡ್ಡು, ಹೋದ ದುಡ್ಡು, ಹಮಾಲಿ, ಚಹಾದ ಖರ್ಚು, ಎಲ್ಲಾ ನಡೆದ ಕ್ರಮದಲ್ಲೇ, ಅವತ್ತಿನ ತಾರೀಖಿನ ಕೆಳಗೆ ಬರುತ್ತವೆ. ಇನ್ನೊಂದು ಖತಾವಣಿ. ಅದರಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಪುಟ. ಕಿರ್ದಿ ನೋಡಿಕೊಂಡು ಅಲ್ಲಿಗೆ ಏರಿಸುತ್ತಾರೆ. ತಕರಾರು ಬಂದಾಗ ತೆಗೆಯುವುದು ಕಿರ್ದಿಯನ್ನು. ಖತಾವಣಿ ನೆನೆದು ಹಾಳಾದರೆ ಕಿರ್ದಿಯಿಂದ ಮತ್ತೆ ಬರೆಯಬಹುದು. ಕಿರ್ದಿಯೇ ಹೋದರೆ ಅಂಗಡಿ ಮುಚ್ಚಿದ ಹಾಗೆ. ನಿಮ್ಮ ಲ್ಯಾಬ್ ನೋಟ್‌ಬುಕ್, ಫೀಲ್ಡ್ ಬುಕ್, ಯಂತ್ರದಿಂದ ಬಂದ ಫೈಲ್ ಇವೆಲ್ಲ ಕಿರ್ದಿ. ಎಕ್ಸೆಲ್ ಟೇಬಲ್, ಗ್ರಾಫ್, ಥೀಸಿಸ್ ಎಲ್ಲಾ ಖತಾವಣಿ.

ಈಗ ಒಂದು ರೀಡಿಂಗ್ ಹತ್ತಿರದಿಂದ ನೋಡೋಣ. ದಾಳಿಂಬೆ ರಸದ ಬ್ರಿಕ್ಸ್, ಅಂದರೆ ರಸದಲ್ಲಿ ಕರಗಿರುವ ಸಕ್ಕರೆ ಮುಂತಾದವುಗಳ ಪ್ರಮಾಣವನ್ನು, ರಿಫ್ರಾಕ್ಟೋಮೀಟರ್ ಅನ್ನುವ ಉಪಕರಣದಲ್ಲಿ ಅಳೆಯುತ್ತೀರಿ. ಟಿಎಸ್‌ಎಸ್ ಅಂತ ಬರೆಯುವುದೂ ಇದನ್ನೇ. ಪುಸ್ತಕದಲ್ಲಿ ಸಾಮಾನ್ಯವಾಗಿ ಏನಿರುತ್ತದೆ?

"ಟಿಎಸ್‌ಎಸ್: 15.2, 14.8, 15.6. ಓಕೆ."

ಆ ಓಕೆ ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಇರಲಿ. ಇದೇ ರೀಡಿಂಗನ್ನು ಹೀಗೆ ಬರೆಯಬಹುದು (ಭಗ್ವಾ ದಾಳಿಂಬೆಯ ತಳಿ; ರಿಪ್ಲಿಕೇಷನ್ ಅಂದರೆ ಅದೇ ಪ್ರಯೋಗದ ಪುನರಾವರ್ತನೆ, ಪ್ಲಾಟ್ ಅಂದರೆ ಅದರೊಳಗಿನ ತುಂಡು ಜಾಗ):

"2025-03-11, ಮಂಗಳವಾರ, ಮಧ್ಯಾಹ್ನ 2.40. ಕಲಾದಗಿ ತೋಟ, ಭಗ್ವಾ, ಎರಡನೇ ರಿಪ್ಲಿಕೇಷನ್, ನಾಲ್ಕನೇ ಪ್ಲಾಟ್. ಗಿಡಕ್ಕೆ ಒಂದು ಹಣ್ಣು, ಪಡುವಣ ಬದಿಯಿಂದ. ಕೈ ರಿಫ್ರಾಕ್ಟೋಮೀಟರ್ ನಂಬರ್ 3, ತಾಪಮಾನವನ್ನು ತಾನೇ ಸರಿದೂಗಿಸುವುದಿಲ್ಲ. ತೋಟದಲ್ಲೇ ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆ ಹೊಂದಿಸಿದೆ. ನೆರಳಿನಲ್ಲಿ 34 ಡಿಗ್ರಿ. 15.2, 14.8, 15.6. ಮೂರನೇ ಹಣ್ಣು ಸ್ವಲ್ಪ ಬಿರಿದಿತ್ತು."

ಬರೆಯಲು ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಅದರಿಂದ ಸಿಗುವುದು ಏನು? ಇಂಥ ರಿಫ್ರಾಕ್ಟೋಮೀಟರನ್ನು 20 ಡಿಗ್ರಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಬೆಳಿಗ್ಗೆ ಎಸಿ ಕೋಣೆಯಲ್ಲಿ 20 ಡಿಗ್ರಿಗೆ ಸೊನ್ನೆ ಹೊಂದಿಸಿಕೊಂಡು ಹೊರಟು, ತೋಟದಲ್ಲಿ 30 ಡಿಗ್ರಿಯಲ್ಲಿ ಓದಿದರೆ ಬ್ರಿಕ್ಸ್ ಸುಮಾರು 0.8 ಕಡಿಮೆ ತೋರಿಸುತ್ತದೆ. ತೋಟದಲ್ಲೇ, ಅದೇ ಬಿಸಿಯಲ್ಲಿ ನೀರು ಹಾಕಿ ಸೊನ್ನೆ ಹೊಂದಿಸಿದರೆ ಆ ವ್ಯತ್ಯಾಸ ಬಹುಪಾಲು ಹೋಗುತ್ತದೆ. ತಾನೇ ಸರಿದೂಗಿಸುವ ಮಾದರಿಗಳೂ ಇವೆ. ಆದರೆ ಅವುಗಳಲ್ಲಿ ತುಂಬಾ ಕಡೆ 10ರಿಂದ 30 ಡಿಗ್ರಿ ಒಳಗೆ ಮಾತ್ರ ಭರವಸೆ. ಬಾಗಲಕೋಟೆಯ ಏಪ್ರಿಲ್ ಅದನ್ನು ಕೇಳುತ್ತದೆಯೇ?

ನಿಮ್ಮ ಎರಡು ಟ್ರೀಟ್‌ಮೆಂಟ್ (ಬೇರೆ ಬೇರೆ ಗೊಬ್ಬರ ಕೊಟ್ಟ ಗುಂಪು) ನಡುವಿನ ವ್ಯತ್ಯಾಸವೇ 0.6 ಇದೆ ಅಂದುಕೊಳ್ಳಿ. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ಅಳೆದಿದ್ದರೆ ಆ 0.6 ಗೊಬ್ಬರದ್ದೋ ಬಿಸಿಲಿನದ್ದೋ? ಸಮಯ, ತಾಪಮಾನ, ಸೊನ್ನೆ ಹೊಂದಿಸಿದ ಜಾಗ, ಈ ಮೂರು ಬರೆದಿದ್ದರೆ ಲೆಕ್ಕ ಸರಿಮಾಡಬಹುದು. ಬರೆಯದಿದ್ದರೆ ಯಾವ ಸ್ಟ್ಯಾಟಿಸ್ಟಿಕ್ಸೂ ಕಾಪಾಡುವುದಿಲ್ಲ. "ಬಿರಿದಿತ್ತು" ಅನ್ನುವ ಮಾತೂ ಹಾಗೇ. ಅವತ್ತು ಅದು ಸಣ್ಣ ವಿಷಯ. ಆರು ತಿಂಗಳ ನಂತರ 15.6 ಯಾಕೆ ಮೇಲೆ ಹೋಯಿತು ಅಂತ ಗೈಡ್ ಕೇಳಿದಾಗ ಅದೊಂದೇ ಸುಳಿವು.

ಪುಸ್ತಕದ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಇದೆಲ್ಲ ಸಣ್ಣ ಸಂಗತಿ. ಹೊಲಿದ ಪುಸ್ತಕ ತಗೊಳ್ಳಿ, ಸ್ಪೈರಲ್ ಬೇಡ. ಸ್ಪೈರಲ್‌ನಲ್ಲಿ ಹಾಳೆ ಕಿತ್ತರೆ ಗೊತ್ತೇ ಆಗುವುದಿಲ್ಲ. ಮೊದಲ ದಿನವೇ ಎಲ್ಲ ಪುಟಕ್ಕೂ ನಂಬರ್ ಹಾಕಿ. ಮೊದಲ ಎರಡು ಹಾಳೆ ಪರಿವಿಡಿಗೆ ಬಿಡಿ. ಲ್ಯಾಬಿನಲ್ಲಿ ಬಾಲ್ ಪೆನ್. ಜೆಲ್ ಪೆನ್ ಮೇಲೆ ಒಂದು ಹನಿ ನೀರು ಬಿದ್ದರೆ ಮುಗಿಯಿತು. ಹೊಲದಲ್ಲಿ ಪೆನ್ಸಿಲ್ ಒಳ್ಳೆಯದು, ಮಳೆಗೂ ಬಿಸಿಲಿಗೂ ಹೋಗುವುದಿಲ್ಲ. ಕೀಟಗಳನ್ನು ಆಲ್ಕೋಹಾಲಿನಲ್ಲಿ ಇಡುವವರು ಸೀಸೆಯ ಒಳಗಿನ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯುತ್ತಾರೆ. ಮಾಮೂಲಿ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ತಕ್ಕಡಿ, ಪಿಎಚ್ ಮೀಟರ್ ಉಗುಳುವ ಸಣ್ಣ ಚೀಟಿ ಬಿಸಿಗೆ ಅಕ್ಷರ ಮೂಡುವ ಥರ್ಮಲ್ ಕಾಗದದ್ದು. ನಮ್ಮ ಸೆಕೆಗೆ ಅಕ್ಷರ ಬೇಗ ಮಾಸಿ ಹೋಗುತ್ತವೆ. ಅಂಟಿಸುವ ಮೊದಲು ಝೆರಾಕ್ಸ್ ಮಾಡಿಸಿ.

ತಪ್ಪು ಬರೆದರೆ ಒಂದೇ ಗೆರೆ ಎಳೆಯಿರಿ. ಹಳೆಯ ಅಂಕಿ ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಣ್ಣ ಸಹಿ, ತಾರೀಖು. ವೈಟ್ನರ್ ಲ್ಯಾಬಿನೊಳಗೆ ಬರಲೇಬಾರದು. ಔಷಧ ಕಂಪನಿಗಳ ಲ್ಯಾಬಿನಲ್ಲಿ ಕೆಲಸಕ್ಕೆ ಹೋಗುವವರು ಇದ್ದರೆ ಕೇಳಿ: ಅಲ್ಲಿ ತಪಾಸಣೆಗೆ ಬರುವವರು ಮೊದಲು ನೋಡುವುದೇ ಇಂಥದ್ದನ್ನು. ಯಾರು ಬರೆದರು, ಓದಲು ಬರುತ್ತದೆಯೇ, ಆಗಲೇ ಬರೆದದ್ದೇ, ಇದು ಮೂಲವೇ, ಸರಿ ಇದೆಯೇ. ಈ ಐದು ಪ್ರಶ್ನೆಗೆ, ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ, 'ಅಲ್ಕೋವಾ' ಅಂತ ಹೆಸರೇ ಇದೆ.

ಹೊಂದದ ರೀಡಿಂಗ್ ಬಂದಾಗ ಏನು ಮಾಡಬೇಕು? ಇಲ್ಲಿ ಸ್ವಲ್ಪ ನಿಲ್ಲೋಣ. ಎಲೆಕ್ಟ್ರಾನಿನ ವಿದ್ಯುದಾವೇಶ ಅಳೆದ ಮಿಲಿಕನ್ ಹೆಸರು ನೀವೆಲ್ಲ ಕೇಳಿದ್ದೀರಿ. ಎಣ್ಣೆ ಹನಿಯ ಪ್ರಯೋಗ. 1913ರ ಪ್ರಬಂಧದಲ್ಲಿ ಅವರು 58 ಹನಿಗಳ ಲೆಕ್ಕ ಕೊಟ್ಟರು. ಇವು ಆರಿಸಿದವಲ್ಲ, ಆ ಅವಧಿಯಲ್ಲಿ ನೋಡಿದ ಎಲ್ಲ ಹನಿಗಳು ಎಂದೂ ಬರೆದರು. 1923ರಲ್ಲಿ ನೊಬೆಲ್ ಬಂತು. ಎಷ್ಟೋ ವರ್ಷದ ಮೇಲೆ ವಿಜ್ಞಾನದ ಇತಿಹಾಸ ಬರೆಯುವವರು ಅವರ ನೋಟ್‌ಬುಕ್ ತೆಗೆದು ನೋಡಿದರೆ ಅದರಲ್ಲಿ ಹನಿಗಳು ಜಾಸ್ತಿ ಇವೆ. ಕೆಲವು ಲೆಕ್ಕದ ಪಕ್ಕ ಇದು ಸುಂದರವಾಗಿದೆ, ಪ್ರಕಟಿಸು ಅಂತ ಷರಾ. ಕೆಲವನ್ನು ಬಿಡಲು ಒಳ್ಳೆಯ ಕಾರಣ ಇತ್ತು, ಉಪಕರಣ ಇನ್ನೂ ಹದಕ್ಕೆ ಬಂದಿರಲಿಲ್ಲ. ಕೆಲವದರ ಬಗ್ಗೆ ಇವತ್ತಿಗೂ ವಾದ ನಡೆಯುತ್ತದೆ. ಅವರು ಮಾಡಿದ್ದು ಸರಿಯೋ ತಪ್ಪೋ, ಬಿಡಿ. ವಾದ ಮಾಡಲು ಸಾಧ್ಯವಾದದ್ದು ಕಚ್ಚಾ ಪುಸ್ತಕ ಉಳಿದದ್ದರಿಂದ.

ಆದ್ದರಿಂದ ಒಂದು ರೀಡಿಂಗ್ ಬಿಡುತ್ತೀರಾ? ಬಿಡಿ. ಆದರೆ ಪುಸ್ತಕದಲ್ಲಿ ಇರಲಿ. ಯಾಕೆ ಬಿಟ್ಟೆ ಅಂತ ಅದೇ ದಿನ ಬರೆಯಿರಿ. ಗ್ರಾಫ್ ಹಾಕಿದ ಮೇಲೆ ಹೊಳೆಯುವ ಕಾರಣಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇನ್ನು ಲೇಬಲ್. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬ್ರಾಡ್‌ಬಾಕ್ ಅನ್ನುವ ಹೊಲ ಇದೆ. 1843ರಿಂದ ಅಲ್ಲಿ ಗೋಧಿಯ ಒಂದೇ ಗೊಬ್ಬರ ಪ್ರಯೋಗ ನಡೆದು ಬಂದಿದೆ. ಪ್ರತಿ ವರ್ಷದ ಕಾಳು, ಹುಲ್ಲಿನ ಮಾದರಿ ತೆಗೆದು, ಚೀಟಿ ಬರೆದು ಇಟ್ಟಿದ್ದಾರೆ. ಇಟ್ಟವರಿಗೆ ಡಿಎನ್‌ಎ ಅಂದರೆ ಏನೆಂದೇ ಗೊತ್ತಿರಲಿಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಅದೇ ಮಾದರಿಗಳಿಂದ ಎರಡು ಎಲೆಚುಕ್ಕೆ ಶಿಲೀಂಧ್ರಗಳ ಡಿಎನ್‌ಎ ತೆಗೆದರು. ಒಂದೂವರೆ ಶತಮಾನದಲ್ಲಿ ಯಾವುದು ಯಾವಾಗ ಮೇಲುಗೈ ಆಯಿತು ಅಂತ ನೋಡಿದರು. ಅದು ಗಾಳಿಯಲ್ಲಿನ ಗಂಧಕದ ಡೈಆಕ್ಸೈಡ್ ಏರಿಳಿತದ ಜೊತೆಗೇ ಏರಿಳಿದಿತ್ತು. ಕಲ್ಲಿದ್ದಲ ಹೊಗೆಯ ಕತೆ ಗೋಧಿ ಹುಲ್ಲಿನಲ್ಲಿ ಸಿಕ್ಕಿತು. ಚೀಟಿಯಲ್ಲಿ ವರ್ಷ, ಪ್ಲಾಟ್ ಇಲ್ಲದಿದ್ದರೆ ಅದು ಬರೀ ಹಳೇ ಹುಲ್ಲು. ನಮ್ಮ ಫ್ರೀಜರಿನಲ್ಲಿ "ಎಸ್1, ಎಸ್2" ಅಂತ ಬರೆದ ಟ್ಯೂಬುಗಳು ಎಷ್ಟಿವೆ? ಯಾರದ್ದು, ಯಾವ ವರ್ಷದ್ದು? ಸ್ಟಿಕರ್ ಬೇರೆ ಉದುರಿ ಕೆಳಗೆ ಬಿದ್ದಿರುತ್ತದೆ.

ಈಗ ಕಂಪ್ಯೂಟರಿಗೆ ಬರೋಣ. ಇಲ್ಲೇ ನಿಮ್ಮ ಜಾಸ್ತಿ ಡೇಟಾ ಸಾಯುವುದು.

ಮೊದಲನೇ ಮಾತು: ಯಂತ್ರದಿಂದ ಬಂದ ಫೈಲನ್ನು, ಅಥವಾ ಫೀಲ್ಡ್ ಬುಕ್ಕಿನಿಂದ ಮೊದಲು ಟೈಪ್ ಮಾಡಿದ ಫೈಲನ್ನು, ಮುಟ್ಟಬೇಡಿ. ಅದಕ್ಕೆ ಒಂದು ಫೋಲ್ಡರ್ ಮಾಡಿ, "ಕಚ್ಚಾ" ಅಂತ ಹೆಸರಿಡಿ. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ರೀಡ್-ಓನ್ಲಿ ಮಾಡಿ. ಸರಾಸರಿ, ಬಣ್ಣ, ಗ್ರಾಫ್ ಏನೇ ಇದ್ದರೂ ನಕಲು ಪ್ರತಿಯಲ್ಲಿ. ಇದೇ ಕಿರ್ದಿ.

ಎಕ್ಸೆಲ್ ಒಳ್ಳೆಯ ಆಳು, ಆದರೆ ಹೇಳದೇ ಕೆಲಸ ಮಾಡುತ್ತದೆ. ಎರಡನೇ ರಿಪ್ಲಿಕೇಷನ್, ನಾಲ್ಕನೇ ಪ್ಲಾಟ್ ಅಂತ ನೀವು 2-4 ಎಂದು ಹೊಡೆಯುತ್ತೀರಿ. ಎಂಟರ್ ಒತ್ತಿದ ಕೂಡಲೇ ಅದು 2 ಏಪ್ರಿಲ್ ಆಗುತ್ತದೆ. ಲ್ಯಾಪ್‌ಟಾಪ್ ಅಮೆರಿಕದ ಸೆಟ್ಟಿಂಗಿನಲ್ಲಿದ್ದರೆ ಫೆಬ್ರವರಿ 4. ಗಾಬರಿಯಾಗಿ ಕಾಲಮನ್ನು ಟೆಕ್ಸ್ಟ್ ಮಾಡಿದರೆ 45749 ಥರದ ಒಂದು ಅಂಕಿ ಬರುತ್ತದೆ. ಅದು 2025ರ ಏಪ್ರಿಲ್ 2ಕ್ಕೆ ಎಕ್ಸೆಲ್ ಒಳಗೆ ಇರುವ ಲೆಕ್ಕ. ನಿಮ್ಮ ಪ್ಲಾಟ್ ನಂಬರ್ ಹೋಯಿತು. 007 ಅಂತ ಸ್ಯಾಂಪಲ್ ನಂಬರ್ ಹೊಡೆದರೆ 7 ಉಳಿಯುತ್ತದೆ. ಹಾಗಾಗಿ ಟೈಪ್ ಮಾಡುವ ಮೊದಲೇ ಕಾಲಮನ್ನು ಟೆಕ್ಸ್ಟ್ ಮಾಡಿಕೊಳ್ಳಿ. ಇಲ್ಲವೇ ಪ್ಲಾಟಿಗೆ "ಆರ್2ಪಿ4" ಥರದ ಹೆಸರು ಕೊಡಿ, ಅದನ್ನು ಎಕ್ಸೆಲ್ ತಾರೀಖು ಅಂದುಕೊಳ್ಳುವುದಿಲ್ಲ. ಸಿಎಸ್‌ವಿ (ಅಂಕಿಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಠ್ಯ) ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದರೂ ಇದೇ ಗತಿ. ತೆರೆದು ಸೇವ್ ಒತ್ತಿದಿರೋ, ಮೂಲವೂ ಕೆಟ್ಟಿತು. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಅಲ್ಲೇ ಆ ಕಾಲಮನ್ನು ಟೆಕ್ಸ್ಟ್ ಅಂತ ಆರಿಸಿ.

ಇದು ನಮ್ಮಂಥ ಸಣ್ಣವರ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಮನುಷ್ಯನ ಜೀನ್‌ಗಳಲ್ಲಿ ಕೆಲವಕ್ಕೆ ಮಾರ್ಚ್1, ಸೆಪ್ಟ್2 ಅಂತ ಹೆಸರಿದ್ದವು. ಎಕ್ಸೆಲ್ ಅವನ್ನೂ ತಾರೀಖು ಮಾಡಿತು. 2016ರ ಒಂದು ಪರಿಶೀಲನೆಯಲ್ಲಿ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಪ್ರಬಂಧಗಳಲ್ಲಿ ಸುಮಾರು ಐದಕ್ಕೆ ಒಂದರಲ್ಲಿ ಈ ದೋಷ ಕಂಡಿತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಿದರು. ಸಾಫ್ಟ್‌ವೇರ್ ಬದಲಾಗಲಿಲ್ಲ, ಮನುಷ್ಯನ ಜೀನ್ ಹೆಸರು ಬದಲಾಯಿತು, ನೋಡಿ! ಈ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ. ಅದೇ 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಲ್ಯಾಬಿನಿಂದ ಬಂದ ಪಟ್ಟಿಯನ್ನು ಎಕ್ಸೆಲ್‌ನ ಹಳೆಯ ಮಾದರಿಗೆ ಹಾಕುತ್ತಿದ್ದರು. ಅದರಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. ಉಳಿದ ಸಾಲುಗಳು ಸದ್ದಿಲ್ಲದೆ ಹೋದವು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು.

ರೋಗದ ಅಂಕ ಕೊಡುವವರಿಗೆ ಇನ್ನೊಂದು ಮಾತು. ದಾಳಿಂಬೆಯ ದುಂಡಾಣು ಅಂಗಮಾರಿಗೆ ಎಲೆ ನೋಡಿ ಸೊನ್ನೆಯಿಂದ ಮೇಲಕ್ಕೆ ಅಂಕ ಹಾಕುತ್ತೀರಿ. ಸೊನ್ನೆ ಅಂದರೆ ನೋಡಿದೆ, ರೋಗ ಇರಲಿಲ್ಲ. ಖಾಲಿ ಬಿಟ್ಟರೆ ನೋಡಲೇ ಇಲ್ಲ. ಇವೆರಡೂ ಒಂದೇ ಅಲ್ಲ. ಆದರೆ ಟೈಪ್ ಮಾಡುವ ಭರದಲ್ಲಿ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬುವವರಿದ್ದಾರೆ. ಆಮೇಲೆ ಔಷಧ ಭಾರೀ ಕೆಲಸ ಮಾಡಿದೆ ಅಂತ ಫಲಿತಾಂಶ ಬರುತ್ತದೆ. ಗಿಡ ಸತ್ತಿದ್ದರೆ "ಸತ್ತಿದೆ" ಅಂತ ಬರೆಯಲು ಪಕ್ಕದಲ್ಲಿ ಷರಾ ಕಾಲಮ್ ಇಡಿ. ಅಂಕಿಯ ಮನೆಯಲ್ಲಿ ಅಂಕಿ ಮಾತ್ರ ಇರಲಿ. ಹಳದಿ ಬಣ್ಣ ಬಳಿದರೆ ಅನುಮಾನ, ಕೆಂಪು ಬಳಿದರೆ ಬಿಟ್ಟದ್ದು, ಇಂಥ ಗುಟ್ಟಿನ ಭಾಷೆ ಬೇಡ. ಸಿಎಸ್‌ವಿ ಮಾಡಿದ ಕೂಡಲೇ ಬಣ್ಣ ಎಲ್ಲಾ ಹೋಗುತ್ತದೆ.

ತಾರೀಖು. 03/04/2025 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ: 2025-04-03. ಯಾರಿಗೂ ಗೊಂದಲವಿಲ್ಲ. ಫೈಲಿನ ಹೆಸರು ಹೀಗೆ ಶುರುವಾದರೆ ಫೋಲ್ಡರಿನಲ್ಲಿ ತಾನೇ ಸಾಲಾಗಿ ನಿಲ್ಲುತ್ತದೆ. ಇಲ್ಲೇ ಐಹೊಳೆಯ ಮೇಗುತಿ ಗುಡಿಗೆ ಹೋದಾಗ ಶಾಸನ ನೋಡಿ. ಕವಿ ರವಿಕೀರ್ತಿ ವರ್ಷವನ್ನು ಎರಡು ಲೆಕ್ಕದಲ್ಲಿ ಕೊಟ್ಟಿದ್ದಾನೆ: ಭಾರತ ಯುದ್ಧ ಕಳೆದು 3735, ಶಕ 556. ಗುಡಿ ಕಟ್ಟಿಸಿದವನೂ ಬರೆದವನೂ ತಾನೇ ಅಂತ ಹೆಸರು ಹಾಕಿದ್ದಾನೆ. ಅದಕ್ಕೇ ನಾವು ಇವತ್ತು ಕ್ರಿ.ಶ. 634 ಅಂತ ಧೈರ್ಯವಾಗಿ ಹೇಳುತ್ತೇವೆ. ನಮ್ಮ ಫೈಲುಗಳ ಹೆಸರು ಏನು? "ಫೈನಲ್", "ಫೈನಲ್ ಹೊಸದು", "ಫೈನಲ್ ಸರ್ ನೋಡಿದ್ದು", "ಇದೇ ಫೈನಲ್".

ಹೆಸರು ಹೀಗಿರಲಿ: 2025-03-11_ದಾಳಿಂಬೆ_ಬ್ರಿಕ್ಸ್_ಕಲಾದಗಿ_ಕಚ್ಚಾ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ; ಹಳೆಯ ಕೆಲವು ಸಾಫ್ಟ್‌ವೇರ್ ಕನ್ನಡ ಅಕ್ಷರಕ್ಕೂ, ನಡುವೆ ಬಿಟ್ಟ ಜಾಗಕ್ಕೂ ತಕರಾರು ಮಾಡುತ್ತವೆ. ಒಂದು ಪ್ರಯೋಗಕ್ಕೆ ಒಂದು ಫೋಲ್ಡರ್. ಒಳಗೆ ಕಚ್ಚಾ, ಲೆಕ್ಕ, ಫೋಟೋ, ಬರಹ. ಇಷ್ಟು ಸಾಕು. ಫೋಲ್ಡರಿನೊಳಗೆ ಫೋಲ್ಡರ್ ಹನ್ನೆರಡು ಮಾಡಿದರೆ ನಿಮಗೇ ಸಿಗುವುದಿಲ್ಲ. ಜೊತೆಗೆ ನೋಟ್‌ಪ್ಯಾಡಿನಲ್ಲಿ ಒಂದು ಸಣ್ಣ ಫೈಲ್: ಯಾವ ಕಾಲಮ್ ಅಂದರೆ ಏನು, ಯಾವ ಅಳತೆ, ಟಿ1ರಿಂದ ಟಿ8ರ ತನಕ ಯಾವ ಟ್ರೀಟ್‌ಮೆಂಟ್, ಲ್ಯಾಬ್ ಪುಸ್ತಕದ ಯಾವ ಪುಟ. ಓಪಿಸ್ಟ್ಯಾಟ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರಿನಲ್ಲಿ ಲೆಕ್ಕ ಮಾಡುವವರು ಅದಕ್ಕೆ ಪೇಸ್ಟ್ ಮಾಡಿದ ಅಂಕಿಗಳನ್ನೂ ಒಂದು ಫೈಲಾಗಿ ಉಳಿಸಿ. ಬಂದ ಟೇಬಲ್ ಮಾತ್ರ ಇಟ್ಟುಕೊಂಡರೆ ರಿಪ್ಲಿಕೇಷನ್ ಸಾಲು ಅದಲುಬದಲಾಗಿದ್ದು ಯಾವತ್ತೂ ತಿಳಿಯುವುದಿಲ್ಲ.

ಪುಟದ ನಂಬರ್ ಯಾಕೆ ಅಂದರೆ ಪುಸ್ತಕವೂ ಫೈಲೂ ಒಂದನ್ನೊಂದು ತೋರಿಸಬೇಕು. ಮೈಕೆಲ್ ಫ್ಯಾರಡೆ ತನ್ನ ದಿನಚರಿಯ ಪ್ಯಾರಾಗಳಿಗೆ 1832ರಿಂದ ಒಂದೇ ಸಾಲಿನಲ್ಲಿ ನಂಬರ್ ಹಾಕುತ್ತಾ ಹೋದ. ಕೊನೆಯ ನಂಬರ್ 16041. ಹಳೆಯದನ್ನು ನೆನೆಯಬೇಕಾದಾಗ ನಂಬರ್ ಬರೆದರೆ ಸಾಕಿತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗಂತೂ ಕಂಡಿಲ್ಲ.

ಬ್ಯಾಕಪ್ ಬಗ್ಗೆ ನಿಮಗೆ ಗೊತ್ತಿದೆ, ಮಾಡುವುದಿಲ್ಲ ಅಷ್ಟೇ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಬೇರೆ ಊರಲ್ಲಿ ಅಥವಾ ಗೂಗಲ್ ಡ್ರೈವ್‌ನಲ್ಲಿ. ಪೆನ್ ಡ್ರೈವ್ ಸಾಗಿಸಲು, ಕಾಪಾಡಲು ಅಲ್ಲ. ಸಿಂಕ್ ಆಗುವ ಫೋಲ್ಡರನ್ನೂ ಬ್ಯಾಕಪ್ ಅಂದುಕೊಳ್ಳಬೇಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ತೋಟದ ಫೋಟೋವನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಸಮಯ, ಜಾಗದ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಅಥವಾ ಕೇಬಲ್ ಹಾಕಿ.

ಪ್ರಶ್ನೆಗಳಿದ್ದರೆ ಕೇಳಿ.

"ಮೇಡಂ, ಫೀಲ್ಡಿನೊಳಗ ಮೊಬೈಲ್‌ನಾಗ ಎಂಟ್ರಿ ಮಾಡಿದ್ರ ನಡೀತದೇನ್ರಿ? ಪುಸ್ತಕ ಯಾಕ ಬೇಕು?"

ನಡೆಯುತ್ತದೆ ತಮ್ಮಾ. ಕೋಬೋ ಟೂಲ್‌ಬಾಕ್ಸ್ ಅಂತಿದೆ, ನೆಟ್‌ವರ್ಕ್ ಇಲ್ಲದಿದ್ದರೂ ಫಾರಂ ತುಂಬಬಹುದು, ಸಮಯವನ್ನು ತಾನೇ ಹಾಕಿಕೊಳ್ಳುತ್ತದೆ. ಎಲೆ ಎಣಿಸುವುದು, ಹಣ್ಣು ತೂಗುವುದು ಇಂಥದ್ದಕ್ಕೆ ನಾನೂ ಅದನ್ನೇ ಹೇಳುತ್ತೇನೆ. ತಪ್ಪೂ ಕಡಿಮೆ, 15.2ರ ಬದಲು 152 ಹೊಡೆದರೆ ಒಪ್ಪದ ಹಾಗೆ ಮಾಡಬಹುದು. ಆದರೆ ಫಾರಂನಲ್ಲಿ ನೀನು ಮೊದಲೇ ಯೋಚಿಸಿದ ಪ್ರಶ್ನೆಗೆ ಮಾತ್ರ ಜಾಗ ಇರುತ್ತದೆ. ಪಕ್ಕದ ಹೊಲದವರು ಅವತ್ತು ಔಷಧ ಹೊಡೆಯುತ್ತಿದ್ದರು, ಗಾಳಿ ನಿನ್ನ ಕಂಟ್ರೋಲ್ ಪ್ಲಾಟಿನ (ಏನೂ ಹೊಡೆಯದೆ ಹೋಲಿಕೆಗೆ ಬಿಟ್ಟ ಜಾಗ) ಕಡೆ ಬೀಸುತ್ತಿತ್ತು ಅನ್ನುವುದನ್ನು ಎಲ್ಲಿ ಬರೆಯುತ್ತೀ? ಷರಾ ಅಂತ ಒಂದು ಖಾಲಿ ಜಾಗ ಇಡು, ಜೇಬಿನಲ್ಲಿ ಸಣ್ಣ ಪುಸ್ತಕವೂ ಇರಲಿ.

"ಕೋರ್ಸ್ ಮುಗಿದ ಮ್ಯಾಲೆ ನೋಟ್‌ಬುಕ್ ನಮ್ಮದೋ ಡಿಪಾರ್ಟ್‌ಮೆಂಟಿಂದೋ ಮೇಡಂ?"

ಮೂಲ ಪುಸ್ತಕ ಲ್ಯಾಬಿನಲ್ಲೇ ಇರಬೇಕು. ಎಲ್ಲ ಕಡೆ ಒಪ್ಪುವ ರೂಢಿ ಅದು. ನಿನ್ನ ನಂತರ ಅದೇ ಪ್ಲಾಟಿಗೆ ಬರುವ ಹುಡುಗಿ ಮೊದಲು ಕೇಳುವುದೇ ಅದನ್ನು. ನಿನಗೆ ಬೇಕಾದರೆ ಪುಟ ಪುಟವನ್ನೂ ಸ್ಕ್ಯಾನ್ ಮಾಡಿ ಒಯ್ಯಿ, ಗೈಡ್‌ಗೆ ಹೇಳಿ ಒಯ್ಯಿ. ಒಪ್ಪಿಸುವಾಗ ಎಷ್ಟು ಪುಸ್ತಕ, ಎಷ್ಟು ಪುಟ, ಫೈಲುಗಳು ಯಾವ ಕಂಪ್ಯೂಟರಿನ ಯಾವ ಫೋಲ್ಡರಿನಲ್ಲಿವೆ, ಫ್ರೀಜರಿನಲ್ಲಿ ಯಾವ ಡಬ್ಬಿ ನಿನ್ನದು ಅಂತ ಒಂದು ಹಾಳೆ ಬರೆದು ಇಬ್ಬರೂ ಸಹಿ ಮಾಡಿ. ಪಾಸ್‌ವರ್ಡ್ ಹಾಕಿದ ಫೈಲ್ ಇದ್ದರೆ ಅವತ್ತೇ ತೆಗೆದುಬಿಡು. ಊರಿಗೆ ಹೋದ ಮೇಲೆ ನಿನ್ನ ಫೋನ್ ನಂಬರೂ ಬದಲಾಗಿರುತ್ತದೆ.